ಡೆತ್ ವ್ಯಾಲಿಯ ಪುಟಾಣಿ ರೈಲಿನ ಜಾಡು ಹಿಡಿದು

ನಾವು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಅಪ್ಪ-ಅಮ್ಮ ಬೆಂಗಳೂರಿಂದ ಬಂದಿದ್ದಾಗ ಡಿಸೆಂಬರ್‌ನಲ್ಲಿ ಅವರನ್ನು ಕ್ಯಾಲಿಫೋರ್ನಿಯಾದ ಮರುಭೂಮಿ ಕಣಿವೆ ಡೆತ್ ವ್ಯಾಲಿ ನ್ಯಾಷನಲ್ ಪಾರ್ಕ್‌ಗೆ ಕರೆದುಕೊಂಡು ಹೋದೆ. ಲಾಸ್ ವೇಗಾಸ್ ಕಡೆಯಿಂದ ಹೊರಟು ಎಲ್ಲೂ ನಿಲ್ಲದೆ ಸೀದಾ ಕಣಿವೆಯೊಳಗಿನ ಫರ್ನೇಸ್ ಕ್ರೀಕ್ ತಲುಪಿದೆವು. ಅಲ್ಲಿ ಬೋರಾಕ್ಸ್ ಮ್ಯೂಸಿಯಂ ಹತ್ತಿರ ಒಂದು ಹಳೇ ಉಗಿ ಎಂಜಿನ್ ನಿಂತಿದೆ. ಸುತ್ತ ಎಲ್ಲಿ ನೋಡಿದರೂ ರೈಲು ಬಂದ ದಾರಿಯ ಗುರುತೇ ಇಲ್ಲ. "ಇದು ಇಲ್ಲಿಗೆ ಹೇಗೆ ಬಂತೋ?" ಅಂತ ಅಪ್ಪ ಕೇಳಿದರು. ನನಗೆ ಗೊತ್ತಿರಲಿಲ್ಲ. ರಾತ್ರಿ ಕೂತು ಓದಿ, ಮರುದಿನ ಬಂದ ದಾರೀಲೇ ವಾಪಸ್ ಹೋಗಿ ಮತ್ತೆ ಮೊದಲಿಂದ ನೋಡಿಕೊಂಡು ಬಂದೆವು. ನೀವು ಡೆತ್ ವ್ಯಾಲಿ ಜಂಕ್ಷನ್‌ನಿಂದ ಶುರು ಮಾಡಿ. ಎಂಜಿನ್ ಕೊನೆಗಿರಲಿ.

ವೇಗಾಸ್‌ನಿಂದ ಪರಂಪ್ ಊರಿನ ಮೇಲೆ ಹೋದರೆ ಜಂಕ್ಷನ್‌ಗೆ ಎರಡು ಗಂಟೆಯೊಳಗಿನ ದಾರಿ. ಪೆಟ್ರೋಲ್ ಪರಂಪ್‌ನಲ್ಲೇ ತುಂಬಿಸಿ, ಪಾರ್ಕ್ ಒಳಗೆ ತುಂಬಾ ದುಬಾರಿ. ಮ್ಯಾಪ್ ಕೂಡ ಅಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಮುಂದೆ ಸಿಗ್ನಲ್ ಇಲ್ಲ ಅಂತಲೇ ಇಟ್ಟುಕೊಳ್ಳಿ.

ಜಂಕ್ಷನ್ ಈಗ ಹೆಸರಿಗಷ್ಟೇ ಊರು. ರೈಲು ಹೋಗಿ ಎಂಬತ್ತು ವರ್ಷದ ಮೇಲಾಯಿತು. ಆದರೆ ಒಂದು ಕಾಲಕ್ಕೆ ಇಲ್ಲಿ ಎರಡು ರೈಲು ಸೇರುತ್ತಿದ್ದವು. ಟೊನೊಪಾ ಅಂಡ್ ಟೈಡ್‌ವಾಟರ್ ಎಂಬ ದೊಡ್ಡ ಹಳಿಯ ರೈಲು ಒಂದು. ಇನ್ನೊಂದು ನಮ್ಮ ಕಥೆಯ ಡೆತ್ ವ್ಯಾಲಿ ರೈಲ್‌ರೋಡ್. ಹಳಿಗಳ ನಡುವೆ ಬರೀ ಮೂರು ಅಡಿ, ಉದ್ದ ಸುಮಾರು 20 ಮೈಲಿ.

ಇಷ್ಟೆಲ್ಲ ಯಾವುದಕ್ಕೆ ಅಂದರೆ ಬೋರಾಕ್ಸ್‌ಗೆ. ಅಮ್ಮನಿಗೆ ಅದು ಅರ್ಥವಾಗಿದ್ದು 'ಬಿಳಿಗಾರ' ಅಂದಾಗ. ಅಕ್ಕಸಾಲಿಗರು ಬೆಸುಗೆಗೆ ಹಾಕುತ್ತಾರಲ್ಲ, ಅದೇ. ಕೇರಂ ಬೋರ್ಡಿಗೆ ಉದುರಿಸುವ ಬೋರಿಕ್ ಪೌಡರ್ ಕೂಡ ಇದರ ಸಂಬಂಧಿಯೇ. 1880ರ ದಶಕದಲ್ಲಿ ಇದನ್ನು ಹೇಸರಗತ್ತೆಗಳು 165 ಮೈಲಿ ದೂರದ ಮೊಹಾವೆ ಊರಿನ ರೈಲು ನಿಲ್ದಾಣಕ್ಕೆ ಎಳೆಯುತ್ತಿದ್ದವು, ಹತ್ತು ದಿನದ ಪ್ರಯಾಣ. ಆಮೇಲೆ ಪೆಸಿಫಿಕ್ ಕೋಸ್ಟ್ ಬೋರಾಕ್ಸ್ ಕಂಪನಿ ಜಂಕ್ಷನ್ ಹತ್ತಿರದ ಲಿಲಾ ಸಿ ಗಣಿಯಲ್ಲಿ ಅಗೆಯಿತು. ಅದು ಖಾಲಿಯಾಗುತ್ತಾ ಬಂದಾಗ ಕಣ್ಣು ಬಿದ್ದದ್ದು ಪಶ್ಚಿಮದ ಬೆಟ್ಟದ ಗಣಿಗಳ ಮೇಲೆ. ಅಲ್ಲಿಗೆ 1914ರಲ್ಲಿ ಈ ರೈಲು ಹಾಕಿದರು. ಗುಡ್ಡಗಾಡಿನಲ್ಲಿ ಕಿರಿದಾದ ಹಳಿಗೆ ಖರ್ಚು ಕಡಿಮೆ, ತಿರುವುಗಳೂ ಸುಲಭ.

ಜಂಕ್ಷನ್‌ನಲ್ಲಿ ಬಿಳಿ ಗೋಡೆಯ ಉದ್ದನೆ ಕಟ್ಟಡ ಕಾಣುತ್ತದೆ. ಕಂಪನಿ 1920ರ ದಶಕದಲ್ಲಿ ಕಟ್ಟಿಸಿದ್ದು. ಅದರ ಸಭಾಂಗಣವೇ ಈಗ ಅಮರ್ಗೋಸಾ ಆಪೆರಾ ಹೌಸ್. ಮಾರ್ಟಾ ಬೆಕೆಟ್ ಎಂಬ ನ್ಯೂಯಾರ್ಕಿನ ನರ್ತಕಿ 1967ರಲ್ಲಿ ಟೈರ್ ಪಂಕ್ಚರ್ ಆಗಿ ಇಲ್ಲಿ ನಿಂತವರು, ಇಲ್ಲೇ ಉಳಿದುಬಿಟ್ಟರು. ನೋಡಲು ಜನ ಬರದ ದಿನಗಳಿಗೆ ಅಂತ ಗೋಡೆ ತುಂಬ ಪ್ರೇಕ್ಷಕರನ್ನೇ ಬರೆದರು! ಒಳಗೆ ನೋಡಬೇಕಾದರೆ ಮೊದಲೇ ವಿಚಾರಿಸಿಕೊಂಡು ಹೋಗಿ.

ಇಲ್ಲಿಂದ 190ನೇ ಹೆದ್ದಾರಿ ಹಿಡಿಯಿರಿ. ಕಾರು ಓಡಿಸದವರು ಕಿಟಕಿಯಾಚೆ ಕಣ್ಣಿಟ್ಟಿರಲಿ. ಮರುಭೂಮಿಯಲ್ಲಿ ಅಲ್ಲಲ್ಲಿ ಮಣ್ಣಿನ ಏರಿಯೊಂದು ನೇರವಾಗಿ ಸಾಗುತ್ತದೆ, ಹಳ್ಳ ಬಂದಲ್ಲಿ ಕೊಚ್ಚಿಹೋಗಿದೆ. ಅದೇ ರೈಲಿನ ದಾರಿ. ನನಗಿಂತ ಮೊದಲು ಅಮ್ಮ ಗುರುತು ಹಿಡಿದರು, "ಕೆರೆ ಏರಿ ಇದ್ದಂಗಿದೆ" ಅಂತ.

ಮುಂದೆ ಎಡಕ್ಕೆ, ಬೆಟ್ಟದ ತುದಿಯ ಡಾಂಟೆಸ್ ವ್ಯೂ ಎಂಬ ವೀಕ್ಷಣಾ ತಾಣಕ್ಕೆ ಹೋಗುವ ರಸ್ತೆ. ಅದರಲ್ಲಿ ಕೆಲವು ಮೈಲಿ ಏರಿದರೆ ಎಡಗಡೆ ಬೆಟ್ಟದ ಮೈಗೆ ಅಂಟಿಕೊಂಡ ಕಟ್ಟಡಗಳು ಕಾಣುತ್ತವೆ. ಅದು ರಯನ್, ರೈಲಿನ ಕೊನೆಯ ನಿಲ್ದಾಣ. ಖಾಸಗಿ ಜಾಗ, ಗೇಟು ಹಾಕಿದೆ, ಸುಮ್ನೆ ಒಳಗೆ ನುಗ್ಗಬೇಡಿ. ರಸ್ತೆ ಪಕ್ಕ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಬೈನಾಕ್ಯುಲರ್ ಇದ್ದರೆ ತನ್ನಿ, ನಾವು ತರದೆ ಪರದಾಡಿದೆವು. ಗಣಿಯಿಂದ ಗಣಿಗೆ ಓಡುತ್ತಿದ್ದದ್ದು ಇನ್ನೂ ಚಿಕ್ಕ ರೈಲು, ಹೆಸರೇ 'ಬೇಬಿ ಗೇಜ್'. ಎರಡೇ ಅಡಿ, ಡಾರ್ಜಿಲಿಂಗ್ ರೈಲಿನಷ್ಟು.

ಇಷ್ಟು ಕಷ್ಟಪಟ್ಟು ಹಾಕಿದ ರೈಲು ಯಾಕೆ ನಿಂತಿತು? ಗಣಿ ಬರಿದಾಗಿ ಅಲ್ಲ. ಮೊಹಾವೆ ಮರುಭೂಮಿಯಲ್ಲಿ, ಮುಖ್ಯ ರೈಲು ಮಾರ್ಗದ ಪಕ್ಕದಲ್ಲೇ, ಇದಕ್ಕಿಂತ ದೊಡ್ಡ ನಿಕ್ಷೇಪ ಸಿಕ್ಕಿತು. ಕಂಪನಿ ಗಂಟುಮೂಟೆ ಕಟ್ಟಿ ಅಲ್ಲಿಗೆ ಹೋಯಿತು. ರೈಲನ್ನು ಉಳಿಸಲು ಪ್ರವಾಸಿಗರನ್ನು ಹತ್ತಿಸಿಕೊಂಡರು. 1927ರಲ್ಲಿ ಫರ್ನೇಸ್ ಕ್ರೀಕ್‌ನಲ್ಲಿ ಹೋಟೆಲ್ ತೆರೆದರು, ರಯನ್‌ನ ಕಾರ್ಮಿಕರ ವಸತಿಯನ್ನೂ ಹೋಟೆಲ್ ಮಾಡಿದರು. ಆದರೆ ಜನ ಕಾರಿನಲ್ಲೇ ಬರತೊಡಗಿದರು, ನಮ್ಮ ಹಾಗೆ. 1931ರ ಮಾರ್ಚ್‌ನಲ್ಲಿ ಕೊನೆಯ ರೈಲು ಓಡಿತು. ಒಟ್ಟು ಆಯಸ್ಸು ಹದಿನಾರು ವರ್ಷ ಚಿಲ್ಲರೆ.

ಡಾಂಟೆಸ್ ವ್ಯೂ ತುದಿಯವರೆಗೂ ಹೋಗಿಬನ್ನಿ, ಬಿಡಬೇಡಿ. ಐದು ಸಾವಿರ ಅಡಿಗೂ ಮೇಲೆ, ಚಳಿಗಾಳಿ ಜೋರು. ಅಮ್ಮ ಶಾಲು ಕಾರಿನಲ್ಲೇ ಬಿಟ್ಟು ಐದೇ ನಿಮಿಷಕ್ಕೆ ಓಡಿಬಂದರು. ನವೆಂಬರ್‌ನಿಂದ ಮಾರ್ಚ್ ಒಳ್ಳೆ ಕಾಲ. ಬೇಸಿಗೆಯಲ್ಲಂತೂ ವಯಸ್ಸಾದವರನ್ನು ಕರೆತರಲೇಬೇಡಿ. 1913ರ ಜುಲೈನಲ್ಲಿ ಕೆಳಗಿನ ಕಣಿವೆಯಲ್ಲಿ 56.7 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ಮಳೆಗೆ ರಸ್ತೆಗಳು ಕೊಚ್ಚಿಹೋಗುವುದೂ ಉಂಟು, ಹೊರಡುವ ಮುಂಚೆ ಪಾರ್ಕ್‌ನವರ ರಸ್ತೆ ಮಾಹಿತಿ ನೋಡಿಕೊಳ್ಳಿ. ಊಟ ಕಟ್ಟಿಕೊಂಡೇ ಹೋಗಿ. ನಮ್ಮನ್ನು ಕಾಪಾಡಿದ್ದು ಪುಳಿಯೋಗರೆ.

ಈಗ ಎಂಜಿನ್ ಹತ್ತಿರ ಬನ್ನಿ. ನಂಬರ್ 2, ಬಾಲ್ಡ್‌ವಿನ್ ಕಾರ್ಖಾನೆಯದ್ದು. ರೈಲು ನಿಂತ ಮೇಲೆ ನ್ಯೂ ಮೆಕ್ಸಿಕೋದ ಕಾರ್ಲ್ಸ್‌ಬ್ಯಾಡ್‌ಗೆ ಹೋಗಿ ಪೊಟ್ಯಾಶ್ ಎಳೆದು, ಆಮೇಲೆ ಇಲ್ಲಿಗೆ ಬಂತು. ಫರ್ನೇಸ್ ಕ್ರೀಕ್‌ಗೆ ಹಳಿ ಬಂದೇ ಇರಲಿಲ್ಲ. ಅಪ್ಪನ ಪ್ರಶ್ನೆಗೆ ಉತ್ತರ ಇಷ್ಟೇ. ಅವರು ಬಗ್ಗಿ, ಎಂಜಿನ್ ಕೆಳಗಿನ ಹಳಿಗಳ ನಡುವೆ ಕೈಯಿಟ್ಟು ಅಳೆದರು. "ನಾಲ್ಕು ಗೇಣು, ಸರಿಯಾಗಿದೆ" ಅಂತ ಎದ್ದು, ಕೈ ಒರೆಸಿಕೊಂಡು ಕಾಫಿ ಹುಡುಕಲು ಹೊರಟರು.