ಅತ್ತೂರಿನ ಸಾಂತ್‌ಮಾರಿಯಲ್ಲಿ

ಕಾರ್ಕಳದ ಬಳಿಯ ಅತ್ತೂರಿನ ಸಂತ ಲಾರೆನ್ಸ್ ಬಸಿಲಿಕಾ ಚರ್ಚಿನಲ್ಲಿ ಮೇಣದಬತ್ತಿ ಹಚ್ಚುವ ಜಾಗ ಹತ್ತಿರವಾಗುತ್ತಿದ್ದಂತೆ ಮುಖಕ್ಕೆ ಝಳ ಹೊಡೆಯುತ್ತದೆ. ಜನವರಿ ಕೊನೆಯ ವಾರ್ಷಿಕ ಹಬ್ಬವಾದ ಸಾಂತ್‌ಮಾರಿಯ ದಿನಗಳಲ್ಲಿ ಬತ್ತಿಗಳು ಬಿಡಿಬಿಡಿಯಾಗಿ ಉರಿಯುವಷ್ಟು ಎಡೆಯೇ ಇರುವುದಿಲ್ಲ. ಒಂದರ ಮೇಣ ಇನ್ನೊಂದಕ್ಕೆ ಇಳಿದು, ಎಲ್ಲರ ಹರಕೆಯೂ ಒಂದೇ ಉರಿಯಾಗುತ್ತದೆ. ಸಾಲಿನಲ್ಲಿ ನನ್ನ ಮುಂದೆ ಮಲ್ಲಿಗೆ ಮುಡಿದು ಕುಂಕುಮವಿಟ್ಟ ತುಳುವ ಹೆಂಗಸರಿದ್ದರು, ಹಿಂದೆ ಜಪಮಾಲೆ ಹಿಡಿದ ಮುದುಕಿಯರಿದ್ದರು. ನೀವು ಯಾರ ಪೈಕಿ ಎಂದು ಯಾರೂ ಯಾರನ್ನೂ ಕೇಳಲಿಲ್ಲ.

ನಾನು ಬೆಳೆದದ್ದು ಧಾರವಾಡದಲ್ಲಿ, 1837ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಶನ್ನಿನ ಪರಂಪರೆಯ ಸಭೆಯಲ್ಲಿ. ನಮ್ಮಲ್ಲಿ ಪ್ರತಿಮೆಯಿಲ್ಲ, ಹರಕೆಯಿಲ್ಲ. ಸತ್ಯವೇದ, ಸಂಗೀತ, ಪ್ರಸಂಗ, ಇಷ್ಟೇ. ಅದು ನನಗೆ ಈಗಲೂ ಪ್ರಿಯ. ಆದರೆ ಅಮ್ಮನಿಗೆ ಪಾರ್ಶ್ವವಾಯು ಬಡಿದ ಮೇಲೆ ನನ್ನ ಪ್ರಾರ್ಥನೆ ಒಣಗಿಹೋಗಿತ್ತು. ಶಬ್ದಗಳು ಬರುತ್ತಿದ್ದವು, ಕಸುವು ಬರುತ್ತಿರಲಿಲ್ಲ. ಕಚೇರಿಯ ಗೆಳತಿ, ಕಾರ್ಕಳದ ಕಡೆಯ ಬಂಟರ ಹೆಣ್ಣುಮಗಳು, ‘ಒಮ್ಮೆ ಅತ್ತೂರಿಗೆ ಹೋಗಿ ಬನ್ನಿ’ ಎಂದಳು. ನನ್ನ ತಮ್ಮ ಮನೆಯಲ್ಲಿದ್ದು ಅಮ್ಮನನ್ನು ನೋಡಿಕೊಂಡ, ನಾನು ರಾತ್ರಿ ಬಸ್ಸು ಹತ್ತಿದೆ.

ಕಾರ್ಕಳದಲ್ಲಿ ಫೋನಿನಲ್ಲೇ ಕಾದಿರಿಸಿದ್ದ ಕೊಠಡಿಯನ್ನು ಲಾಡ್ಜಿನವರು ಇನ್ನೊಬ್ಬರಿಗೆ ಕೊಟ್ಟುಬಿಟ್ಟಿದ್ದರು. ‘ಹಬ್ಬ ಅಲ್ಲವೇ ಮೇಡಂ’ ಎಂದದ್ದೇ ಅವರ ಸಮಜಾಯಿಷಿ. ಆ ಸಿಟ್ಟು ಇನ್ನೂ ಇಳಿದಿಲ್ಲ. ಹೋಗುವವರು ಮುಂಗಡ ಕೊಟ್ಟು ರಸೀದಿ ಪಡೆಯಿರಿ, ಇಲ್ಲವೇ ಉಡುಪಿಯಲ್ಲೇ ಉಳಿದುಕೊಂಡು ಬೆಳಿಗ್ಗೆ ಬೇಗ ಹೊರಡಿ. 1432ರಿಂದ ಬಂಡೆಯ ಮೇಲೆ ನಿಂತಿರುವ ಗೊಮ್ಮಟನನ್ನು ನೋಡಿದ್ದು ಬೆನ್ನಿಗೆ ಚೀಲ ಹೊತ್ತುಕೊಂಡೇ.

ಅತ್ತೂರಿನ ಈ ಇಗರ್ಜಿಯ ಮೂಲ 1759ರದು. ಬಸಿಲಿಕಾ ಎಂಬ ಮನ್ನಣೆ ದೊರೆತದ್ದು 2016ರಲ್ಲಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇವೆರಡರ ನಡುವಿನ ಕಥೆ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ಯಲಾಯಿತು. ದಾರಿಯಲ್ಲಿ, ಸೆರೆಯಲ್ಲಿ ಅನೇಕರು ಸತ್ತರು. 1799ರ ನಂತರ ಮರಳಿದವರು ಸಂತನ ಪುಟ್ಟ ಮರದ ಪ್ರತಿಮೆಯೊಂದನ್ನು ಹೊತ್ತು ಇಗರ್ಜಿಗೆ ಹೊಸ ನೆಲ ಹುಡುಕುತ್ತಿದ್ದರಂತೆ. ದಣಿದು ಇಲ್ಲಿ ಇಳಿಸಿದರು, ಮತ್ತೆ ಎತ್ತಲು ಹೋದರೆ ಅದು ಕದಲಲಿಲ್ಲ ಎನ್ನುತ್ತದೆ ಐತಿಹ್ಯ. ಪ್ರತಿಮೆ ಕದಲದ್ದಕ್ಕಿಂತ ದೊಡ್ಡ ಸೋಜಿಗ ನನಗೆ ಕಂಡದ್ದು ಬೇರೆ: ಮನೆ, ಮಕ್ಕಳು, ಹೊಲ ಎಲ್ಲವನ್ನೂ ಕಳೆದುಕೊಂಡು ಬಂದವರು ಮತ್ತೆ ಅದೇ ದೇವರಿಗೆ ನೆಲ ಹುಡುಕಿದರು.

ಆ ಸಂತನಾದರೂ ಎಂಥವನು! ಕ್ರಿ.ಶ. 258ರಲ್ಲಿ ವಲೇರಿಯನ್ ಚಕ್ರವರ್ತಿಯ ಕಾಲದಲ್ಲಿ ರೋಮಿನಲ್ಲಿ ಹುತಾತ್ಮನಾದ ಧರ್ಮಸೇವಕ. ಸಭೆಯ ಸಂಪತ್ತನ್ನು ಒಪ್ಪಿಸೆಂದು ಅಧಿಕಾರಿ ಗದರಿದಾಗ ಲಾರೆನ್ಸ್ ಬಡವರನ್ನೂ ಕುಂಟರನ್ನೂ ಕುರುಡರನ್ನೂ ಕರೆತಂದು, ಇವರೇ ಆ ಸಂಪತ್ತು ಎಂದನೆಂದು ಸಂಪ್ರದಾಯ ಹೇಳುತ್ತದೆ. ಅತ್ತೂರಿನ ದಾರಿಯ ಎರಡೂ ಬದಿಯಲ್ಲಿ ತಟ್ಟೆ ಹಿಡಿದು ಕುಳಿತವರ ನಡುವೆ ನಡೆದು ಬಂದವರಿಗೆ ಆ ಮಾತು ಹಳೆಯ ಕಥೆಯಾಗಿ ಕೇಳಿಸುವುದಿಲ್ಲ.

ಬಲಿಪೂಜೆಯಲ್ಲಿ ರೊಟ್ಟಿ ಎತ್ತಿ ಹಿಡಿಯುವ ಹೊತ್ತಿಗೆ ಹತ್ತಾರು ಮೊಬೈಲುಗಳೂ ಮೇಲೆದ್ದವು. ನನಗೆ ಅದು ಸ್ವಲ್ಪವೂ ಹಿಡಿಸಲಿಲ್ಲ. ಹೊರಗೆ ಬಂದು ಚಪ್ಪರದ ನೆರಳಿನಲ್ಲಿ ಕುಳಿತೆ. ಪಕ್ಕದಲ್ಲಿ ಕುಂದಾಪುರದ ಕಡೆಯಿಂದ ಬಂದ ವಯಸ್ಸಾದ ಹೆಂಗಸು ಚರ್ಮುರಿಯ ಪೊಟ್ಟಣ ಬಿಚ್ಚಿ, ಕೇಳದೆಯೇ ನನ್ನ ಅಂಗೈಗೆ ಅರ್ಧ ಸುರಿದರು. ಗಂಡನಿಗೆ ಮೂತ್ರಪಿಂಡದ ಕಾಯಿಲೆ, ವಾರಕ್ಕೆ ಎರಡು ಸಲ ಡಯಾಲಿಸಿಸ್, ಹಲವು ವರ್ಷಗಳಿಂದ.

‘ಗುಣವಾಗಲಿ ಎಂದು ಹರಕೆಯೇ ಅಮ್ಮಾ?’ ಎಂದೆ.

‘ಮೊದಲು ಅದನ್ನೇ ಕೇಳುತ್ತಿದ್ದೆ. ಈಗ ಬೇರೆ ಕೇಳುತ್ತೇನೆ ಮಗಳೇ. ಬೆಳಗಿನ ಜಾವ ನಾಲ್ಕಕ್ಕೆ ಅವರನ್ನು ಎಬ್ಬಿಸಬೇಕು. ಅಂಗಿಯ ಗುಂಡಿ ಹಾಕಲು ಅವರ ಬೆರಳು ಬಗ್ಗುವುದಿಲ್ಲ, ನಾನು ಹಾಕಿದರೆ ಅವರಿಗೆ ಸಿಟ್ಟು. ಆಗ ನನ್ನ ಬಾಯಿಂದ ಕೆಟ್ಟ ಮಾತು ಬರದಿರಲಿ ಎನ್ನುತ್ತೇನೆ. ಅಷ್ಟೇ.’

‘ಸಿಗುತ್ತದೆಯೇ?’

‘ಆ ದಿನದ್ದು ಆ ದಿನಕ್ಕೆ ಸಿಗುತ್ತದೆ. ನಾಳೆಗೆ ಉಳಿಯುವುದಿಲ್ಲ, ನಾಳೆ ಮತ್ತೆ ಕೇಳಬೇಕು. ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯಲ್ಲೂ ಅನ್ನ ಕೇಳುವುದು ಇವತ್ತಿಗೆ ಮಾತ್ರ ಅಲ್ಲವೇ?’

ನಾನು ಆ ಪ್ರಾರ್ಥನೆಯನ್ನು ಮಾತು ಬಂದಾಗಿನಿಂದ ಹೇಳುತ್ತಾ ಬಂದವಳು. ಅಮ್ಮ ಎಷ್ಟು ವರ್ಷ ಹೀಗಿರುತ್ತಾರೋ, ಅಷ್ಟೂ ವರ್ಷಕ್ಕೆ ಬೇಕಾದ ಧೈರ್ಯವನ್ನು ಒಂದೇ ಸಲಕ್ಕೆ ಕೊಟ್ಟುಬಿಡು ಎಂದು ದೇವರನ್ನು ಪೀಡಿಸುತ್ತಿದ್ದವಳು. ಆ ತಾಯಿಯ ಮುಂದೆ ಅಳು ಬಂತು. ಅವರು ಸಮಾಧಾನ ಹೇಳಲಿಲ್ಲ. ಅಮ್ಮನ ಹೆಸರು ಕೇಳಿದರು, ಎರಡು ಸಲ ತಾವೇ ಹೇಳಿ ನೋಡಿಕೊಂಡರು. ‘ನಾಳೆ ನಾಲ್ಕಕ್ಕೆ ನಾನು ಹೇಗೂ ಎದ್ದಿರುತ್ತೇನೆ, ಅವರ ಹೆಸರನ್ನೂ ಸೇರಿಸುತ್ತೇನೆ’ ಎಂದರು. ನಾನು ಅವರ ಯಜಮಾನರ ಹೆಸರು ಕೇಳಿಕೊಂಡೆ. ಅಷ್ಟರಲ್ಲಿ ಅವರ ಕಡೆಯವರು ವ್ಯಾನು ಹೊರಡುತ್ತದೆಂದು ಕರೆದರು.

ಊರಿಗೆ ಬಂದ ಮೇಲೆ ನಾನೂ ನಾಲ್ಕಕ್ಕೆ ಏಳುತ್ತಿದ್ದೇನೆ. ಎರಡು ಹೆಸರು ಹೇಳುತ್ತೇನೆ, ಆ ದಿನಕ್ಕೆ ಬೇಕಾದದ್ದನ್ನು ಕೇಳುತ್ತೇನೆ, ಆಮೇಲೆ ಅಮ್ಮನನ್ನು ಎಬ್ಬಿಸುತ್ತೇನೆ. ಸಾಂತ್‌ಮಾರಿಯಲ್ಲಿ ರೋಗಿಗಳಿಗಾಗಿಯೇ ವಿಶೇಷ ಪ್ರಾರ್ಥನೆ ಇರುತ್ತದೆ. ಮುಂದಿನ ಸಲ ಅಮ್ಮನನ್ನೂ ಕರೆದುಕೊಂಡು ಹೋಗುವವಳಿದ್ದೇನೆ. ಗಾಲಿಕುರ್ಚಿ ಎಲ್ಲಿಯವರೆಗೆ ಹೋಗುತ್ತದೆಂದು ಅಲ್ಲಿನ ಸ್ವಯಂಸೇವಕರನ್ನು ಕೇಳಿಕೊಂಡೇ ಬಂದಿದ್ದೇನೆ.