ಅಗಸ್ತ್ಯರು ರಾಜರ ಲೆಕ್ಕ ನೋಡಿದ ಕಥೆ

ಅಕ್ಕ ಬಾಣಂತನಕ್ಕೆ ಬಂದಿದ್ದಾಳೆ. ಪಾಪುಗೆ ಹಾಲು ಕುಡಿಸಿದ ಮೇಲೆ ಅಮ್ಮ ಪ್ರತಿ ಸಲ ಅದರ ಹೊಟ್ಟೆ ಸವರಿ "ವಾತಾಪಿ ಜೀರ್ಣೋಭವ" ಅನ್ನುತ್ತಾರೆ. ನಿಮ್ಮ ಮನೆಯಲ್ಲೂ ಅಂದಿರುತ್ತಾರೆ, ಅಲ್ವಾ?

ಕಥೆ ಗೊತ್ತಿದ್ದದ್ದೇ. ಇಲ್ವಲ, ವಾತಾಪಿ ಅಂತ ಇಬ್ಬರು ರಾಕ್ಷಸ ಅಣ್ಣತಮ್ಮಂದಿರು. ವಾತಾಪಿ ಟಗರಾಗುತ್ತಾನೆ, ಇಲ್ವಲ ಅವನನ್ನೇ ಅಡುಗೆ ಮಾಡಿ ಅತಿಥಿಗೆ ಬಡಿಸುತ್ತಾನೆ, ಊಟ ಮುಗಿದ ಮೇಲೆ "ವಾತಾಪಿ, ಬಾ" ಅಂತ ಕರೆದರೆ ಅವನು ಉಂಡವರ ಹೊಟ್ಟೆ ಸೀಳಿಕೊಂಡು ಬರುತ್ತಾನೆ. ಅಗಸ್ತ್ಯರ ಹೊಟ್ಟೆಯಿಂದ ಮಾತ್ರ ಬರಲಿಲ್ಲ. ಅವರು ಆಗಲೇ ಅರಗಿಸಿಕೊಂಡಿದ್ದರು.

ಆದರೆ ಅವರು ಆ ಮನೆಗೆ ಊಟಕ್ಕೆ ಹೋಗಿದ್ದಾದರೂ ಯಾಕೆ? ಚಿಕ್ಕವನಿದ್ದಾಗ ನಾನು ಇದನ್ನು ಕೇಳಲೇ ಇಲ್ಲ. ದೊಡ್ಡವನಾದ ಮೇಲೆ ಮಹಾಭಾರತದ ವನಪರ್ವ ಓದುವಾಗ ಉತ್ತರ ಸಿಕ್ಕಿತು, ಅವತ್ತಿನಿಂದ ಅಗಸ್ತ್ಯರು ನನಗೆ ತುಂಬಾ ಹತ್ತಿರದವರಾದರು.

ಅಗಸ್ತ್ಯರ ಹೆಂಡತಿ ಲೋಪಾಮುದ್ರೆ ವಿದರ್ಭದ ರಾಜನ ಮನೆಯಲ್ಲಿ ಬೆಳೆದವಳು. ಮದುವೆಯಾದ ಮೇಲೆ ರೇಷ್ಮೆ, ಒಡವೆ ಎಲ್ಲ ಬಿಟ್ಟು ನಾರುಬಟ್ಟೆ ಉಟ್ಟು ಗಂಡನ ಜೊತೆ ತಪಸ್ಸಿಗೆ ಕೂತಳು. ಎಷ್ಟೋ ದಿನದ ಮೇಲೆ ಅಗಸ್ತ್ಯರಿಗೆ ಮಗು ಬೇಕೆನಿಸಿತು. ಆಗ ಅವಳು ಕೇಳಿದಳು: ನನ್ನ ತಂದೆಯ ಮನೆಯಲ್ಲಿದ್ದಂಥ ಹಾಸಿಗೆ ಬೇಕು, ಒಡವೆ ಬೇಕು, ನೀವೂ ಹೂ ಮುಡಿದು ಸಿಂಗರಿಸಿಕೊಂಡು ಬರಬೇಕು. ಅಷ್ಟೆಲ್ಲ ನನ್ನ ಹತ್ತಿರ ಎಲ್ಲಿದೆ ಅಂತ ಇವರು. ತಪಸ್ಸಿನ ಬಲದಿಂದ ತರಬಹುದಲ್ಲ ಅಂತ ಅವಳು. ಹಾಗೆ ಮಾಡಿದರೆ ತಪಸ್ಸು ಕರಗಿಹೋಗುತ್ತದೆ ಅಂದ ಇವರು, ಸಿಟ್ಟಾಗದೆ ಹಣ ಕೇಳಲು ಹೊರಟರು.

ಮೊದಲು ಹೋಗಿದ್ದು ಶ್ರುತರ್ವ ಅನ್ನುವ ರಾಜನ ಹತ್ತಿರ. "ಬೇರೆಯವರಿಗೆ ತೊಂದರೆಯಾಗದ ಹಾಗೆ ಎಷ್ಟಾದರೆ ಅಷ್ಟು ಕೊಡು" ಅಂದರು. ರಾಜ ತನ್ನ ರಾಜ್ಯದ ಆಯ, ವ್ಯಯ ಎಲ್ಲವನ್ನೂ ಅವರ ಮುಂದಿಟ್ಟ. ಅಗಸ್ತ್ಯರು ನೋಡಿದರು. ಬರುವುದೂ ಹೋಗುವುದೂ ಸಮ. ಇದರಲ್ಲಿ ನಾನು ತೆಗೆದುಕೊಂಡರೆ ಜನಕ್ಕೆ ಕಷ್ಟ ಅಂತ ಏನನ್ನೂ ಮುಟ್ಟಲಿಲ್ಲ. ಅವನನ್ನೂ ಕರೆದುಕೊಂಡು ಇನ್ನೊಬ್ಬ ರಾಜನ ಹತ್ತಿರ ಹೋದರು, ಆಮೇಲೆ ತ್ರಸದಸ್ಯುವಿನ ಹತ್ತಿರ. ಎಲ್ಲ ಕಡೆ ಲೆಕ್ಕ ಅಷ್ಟಕ್ಕಷ್ಟೇ. ಕೊನೆಗೆ ರಾಜರೇ, ನಿಜವಾಗಿ ಜಾಸ್ತಿ ದುಡ್ಡಿರುವವನು ಇಲ್ವಲ ಅಂದರು.

ಸಮುದ್ರ ಕುಡಿದಿದ್ದು, ವಿಂಧ್ಯ ಪರ್ವತವನ್ನು ಬಗ್ಗಿಸಿದ್ದು ದೊಡ್ಡದೇ. ನನಗೆ ಮಾತ್ರ ಲೆಕ್ಕ ನೋಡಿ ಬರಿಗೈಯಲ್ಲಿ ಎದ್ದು ಬಂದ ಈ ಅಗಸ್ತ್ಯರೇ ಎಲ್ಲಕ್ಕಿಂತ ದೊಡ್ಡವರಾಗಿ ಕಾಣುತ್ತಾರೆ. ಅಮ್ಮನಿಗೆ ಇದನ್ನು ಹೇಳಿದೆ. ಪಾಪುವನ್ನು ಹೆಗಲ ಮೇಲೆ ಹಾಕಿಕೊಂಡು ತಟ್ಟುತ್ತಾ ಸುಮ್ನೆ ಕೇಳಿಸಿಕೊಂಡರು. "ಹಾಗಾದ್ರೆ ಅವಳು ಕೇಳದೇ ಇದ್ದಿದ್ರೆ ವಾತಾಪಿ ಸಾಯ್ತಾನೇ ಇರಲಿಲ್ಲ" ಅಂದರು. ಹೌದಲ್ಲ!

ಬಾದಾಮಿಯ ಹಳೆಯ ಹೆಸರೇ ವಾತಾಪಿ. ಅಲ್ಲಿ ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಒಂದು ಸಂಜೆ ಕೂತಿದ್ದೆ. ಆಚೆ ದಡದಲ್ಲಿ ಭೂತನಾಥ ಗುಡಿ, ಸುತ್ತ ಕೆಂಪು ಬಂಡೆ, ಕೆಳಗೆ ಬಟ್ಟೆ ಒಗೆಯುವ ಸದ್ದು. ಎದ್ದು ಬರಲು ಮನಸ್ಸಾಗಲಿಲ್ಲ.

ಲೋಪಾಮುದ್ರೆಯ ಮಾತು ಇನ್ನೂ ಹಳೆಯದು. ಋಗ್ವೇದದ 1ನೇ ಮಂಡಲದ 179ನೇ ಸೂಕ್ತ ಇವರಿಬ್ಬರ ಸಂಭಾಷಣೆ. ಬರೀ 6 ಮಂತ್ರ, ಶುರು ಮಾಡುವವಳು ಅವಳೇ. ಎಷ್ಟೋ ವರ್ಷ ಹಗಲು ರಾತ್ರಿ ದುಡಿದು ದಣಿದೆ, ಮುಪ್ಪು ಮೈಯ ಚೆಲುವನ್ನು ಕರಗಿಸುತ್ತದೆ, ಗಂಡ ಹೆಂಡತಿ ಹತ್ತಿರವಾಗಬೇಕು ಅನ್ನುತ್ತಾಳೆ. ಅದನ್ನು ಯಾರೂ ಅಳಿಸಿ ಹಾಕಲಿಲ್ಲ, ಮುಚ್ಚಿಡಲೂ ಇಲ್ಲ. ಕೊನೆಯ ಮಂತ್ರದಲ್ಲಿ ಅಗಸ್ತ್ಯರು ಮಕ್ಕಳನ್ನೂ ಬಲವನ್ನೂ ಬಯಸಿ ಗುದ್ದಲಿಯಿಂದ ಅಗೆಯುತ್ತಿದ್ದಾರೆ. ನಾವು ಚಿತ್ರದಲ್ಲಿ ಕಮಂಡಲ ಹಿಡಿಸುತ್ತೇವೆ, ವೇದದಲ್ಲಿ ಅವರ ಕೈಯಲ್ಲಿ ಗುದ್ದಲಿ ಇದೆ.

ಕೊಡಗಿನಲ್ಲಿ ಈ ಲೋಪಾಮುದ್ರೆಯೇ ಕಾವೇರಿ. ನನ್ನನ್ನು ಒಂಟಿಯಾಗಿ ಬಿಟ್ಟು ಹೋಗಬಾರದು ಅಂತ ಮಾತು ತೆಗೆದುಕೊಂಡು ಮದುವೆಯಾದವಳು. ಒಂದು ದಿನ ಅಗಸ್ತ್ಯರು ಅವಳನ್ನು ಕಮಂಡಲದಲ್ಲಿ ಬಿಟ್ಟು ಸ್ನಾನಕ್ಕೆ ಹೋದರು, ಅವಳು ನೀರಾಗಿ ಹರಿದು ಹೊರಟೇಬಿಟ್ಟಳು. ಬಲಮುರಿಯಲ್ಲಿ ಜನ ತಡೆಯಲು ನಿಂತಾಗ ನೀರಿನ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತಂತೆ, ಕೊಡವ ಹೆಂಗಸರು ಇವತ್ತಿಗೂ ನೆರಿಗೆಯನ್ನು ಹಿಂದೆ ಉಡುವುದು ಅದಕ್ಕೇ ಅಂತ ಹೇಳುತ್ತಾರೆ. ಪ್ರತಿ ಅಕ್ಟೋಬರ್‌ನಲ್ಲಿ ತುಲಾ ಸಂಕ್ರಮಣದ ದಿನ ತಲಕಾವೇರಿಯಲ್ಲಿ ತೀರ್ಥೋದ್ಭವಕ್ಕೆ ಸೇರುವ ಜನ ಅವಳನ್ನು ನೋಡಲು ಬರುವವರು.

ತಮಿಳರಿಗೆ ಅಗಸ್ತ್ಯರು ಮೊದಲ ವ್ಯಾಕರಣ ಬರೆದ ಗುರು. ದೂರದ ಜಾವಾದಲ್ಲೂ, ಪ್ರಂಬಾನನ್‌ನ ಶಿವ ದೇವಾಲಯದ ದಕ್ಷಿಣದ ಕೋಣೆಯಲ್ಲಿ ಅಗಸ್ತ್ಯರ ವಿಗ್ರಹವಿದೆ. ಅಲ್ಲೂ ದಕ್ಷಿಣ ದಿಕ್ಕೇ ನೋಡಿ.

ಆಕಾಶದಲ್ಲೂ ಹಾಗೇ. ಫೆಬ್ರವರಿಯಲ್ಲಿ ರಾತ್ರಿ 9ರ ಸುಮಾರಿಗೆ ತಾರಸಿ ಹತ್ತಿ ದಕ್ಷಿಣಕ್ಕೆ ಮುಖ ಮಾಡಿ. ಮೇಲೆ ಎಲ್ಲಕ್ಕಿಂತ ಜಾಸ್ತಿ ಹೊಳೆಯುವ ನಕ್ಷತ್ರ ಲುಬ್ಧಕ, ಅಂದರೆ ಸಿರಿಯಸ್. ಅದರಿಂದ ನೇರ ಕೆಳಗೆ ಬಂದರೆ ಒಂದೇ ಒಂದು ದೊಡ್ಡ ನಕ್ಷತ್ರ, ಹೊಳಪಿನಲ್ಲಿ ಎರಡನೆಯದು. ಅದೇ ಅಗಸ್ತ್ಯ. ದೆಹಲಿಯವರಿಗೆ ಅದು ದಿಗಂತಕ್ಕೆ ಅಂಟಿಕೊಂಡ ಹಾಗೆ ಕಾಣುತ್ತದೆ. ನಮಗೆ ತೆಂಗಿನ ಗರಿಗಳ ಮೇಲೆ ಸಲೀಸಾಗಿ ಕಾಣುತ್ತದೆ.