15 ಕಿಲೋಮೀಟರ್‌ಗೆ ಒಂದಿಡೀ ದಿನ: ಕಿಬಿ ಬಯಲಲ್ಲಿ ಸೈಕಲ್ ಸವಾರಿ

ಜಪಾನಿಗೆ ಹೊರಟವರು ಟೋಕಿಯೋ, ಕ್ಯೋಟೋ, ಒಸಾಕಾ ಅಂತ ಪಟ್ಟಿ ಮಾಡಿಕೊಂಡು ನನ್ನ ಹತ್ತಿರ ಬಂದರೆ ನಾನು ಒಂದೇ ಮಾತು ಹೇಳುತ್ತೇನೆ. ಒಸಾಕಾದಿಂದ ಹಿರೋಷಿಮಾಗೆ ಹೋಗುವ ದಾರಿಯಲ್ಲಿ ಒಕಾಯಾಮಾ ಸಿಗುತ್ತದೆ, ಅಲ್ಲಿ ಒಂದು ರಾತ್ರಿ ಇಳಿಯಿರಿ. ಮಾರನೇ ದಿನ ಕಿಬಿ ಬಯಲಿಗೆ ಹೋಗಿ ಸೈಕಲ್ ತುಳಿಯಿರಿ. ದಾರಿ ಸುಮಾರು 15 ಕಿಲೋಮೀಟರ್. ಹುಡುಗರು ಒಂದೂವರೆ ಗಂಟೆಯಲ್ಲಿ ಮುಗಿಸಿಬಿಡುತ್ತಾರೆ. ನಾವು ಬೆಳಗ್ಗೆ ಒಂಬತ್ತಕ್ಕೆ ಹತ್ತಿದವರು ಇಳಿದಾಗ ಸಂಜೆ ನಾಲ್ಕೂವರೆ.

ನಾವು ಅಂದರೆ ನಾನು, ನನ್ನ ಹೆಂಡತಿ. ನಾನು ಮಂಡ್ಯ ಕಡೆಯವನು, ಐವತ್ತು ದಾಟಿದೆ, ಮಂಡಿ ಆಗಾಗ ಮಾತಾಡುತ್ತದೆ. ಇವಳು ಕೊನೆಯ ಸಲ ಸೈಕಲ್ ಹೊಡೆದದ್ದು ಪಿಯುಸಿಯಲ್ಲಿ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮಿಂದ ಆಗಿದೆ ಅಂದಮೇಲೆ ನಿಮ್ಮಿಂದಲೂ ಆಗುತ್ತದೆ. ದಾರಿ ಹೆಚ್ಚುಕಡಿಮೆ ಸಮತಟ್ಟು. ಬಹುಪಾಲು ಗದ್ದೆಯ ನಡುವೆ, ಊರೊಳಗಿನ ಓಣಿಗಳಲ್ಲಿ ಹೋಗುತ್ತದೆ.

ಒಕಾಯಾಮಾ ಸ್ಟೇಷನ್ನಿನಿಂದ ಸೊಜಾ ಎಂಬ ಊರಿಗೆ ಕಿಬಿ ಲೈನ್ ಅಂತ ಒಂದು ಸಣ್ಣ ರೈಲು ಮಾರ್ಗ ಇದೆ. ಉದ್ದ 20 ಕಿಲೋಮೀಟರ್ ಚಿಲ್ಲರೆ. 2016ರಿಂದ ಇದನ್ನು ಮೊಮೊತಾರೊ ಲೈನ್ ಅಂತಲೂ ಕರೆಯುತ್ತಾರೆ, ಬೋರ್ಡುಗಳಲ್ಲಿ ಆ ಹೆಸರೇ ಕಾಣುತ್ತದೆ, ಗಲಿಬಿಲಿ ಆಗಬೇಡಿ. ಬುಲೆಟ್ ರೈಲಿನಿಂದ ಇಳಿದು ಈ ರೈಲು ಹತ್ತಿದರೆ ನಲವತ್ತು ವರ್ಷ ಹಿಂದಕ್ಕೆ ಹೋದ ಹಾಗೆ. ಡೀಸೆಲ್ ಗಾಡಿ, ಎರಡು ಬೋಗಿ, ಗಡಗಡ ಸದ್ದು. ಮೂರನೇ ಸ್ಟೇಷನ್ ಬಿಜೆನ್ ಇಚಿನೊಮಿಯಾ, ಹತ್ತು ಹನ್ನೆರಡು ನಿಮಿಷದ ದಾರಿ. ಅಲ್ಲಿ ಇಳಿಯಬೇಕು. ರೈಲು ಗಂಟೆಗೆ ಒಂದೋ ಎರಡೋ ಅಷ್ಟೇ ಇರುವುದರಿಂದ ಹಿಂದಿನ ರಾತ್ರಿಯೇ ಸಮಯ ನೋಡಿಟ್ಟುಕೊಳ್ಳಿ. ದೊಡ್ಡ ಸೂಟ್‌ಕೇಸನ್ನು ಹೋಟೆಲಿನಲ್ಲಿ ಅಥವಾ ಒಕಾಯಾಮಾ ಸ್ಟೇಷನ್ನಿನ ಕಾಯಿನ್ ಲಾಕರಿನಲ್ಲಿ ಬಿಟ್ಟು ಬನ್ನಿ.

ಸೈಕಲ್ ಬಾಡಿಗೆ ಅಂಗಡಿ ಸ್ಟೇಷನ್ ಪಕ್ಕದಲ್ಲೇ ಇದೆ. ಇಲ್ಲಿ ತಗೊಂಡು ಸೊಜಾದಲ್ಲಿ ಬಿಡಬಹುದು, ವಾಪಸ್ ತುಳಿಯುವ ಗೋಳಿಲ್ಲ. ಉಲ್ಟಾ ದಿಕ್ಕಿನಲ್ಲೂ ಹೋಗಬಹುದು. ಇಡೀ ದಿನಕ್ಕೆ ತಲೆಗೆ ಸುಮಾರು ಸಾವಿರ ಯೆನ್ ಲೆಕ್ಕ ಇಟ್ಟುಕೊಳ್ಳಿ, ನೋಟು ಚಿಲ್ಲರೆ ಎರಡೂ ಕೈಯಲ್ಲಿರಲಿ. ದಾರಿಯ ನಕ್ಷೆ ಕೇಳಿ ಪಡೆಯಿರಿ. ಜೋರು ಮಳೆ ಇದ್ದರೆ ಈ ಯೋಜನೆಯನ್ನೇ ಬಿಡಿ. ಆದರೆ ಒಕಾಯಾಮಾದವರು ತಮ್ಮ ನಾಡನ್ನು ಬಿಸಿಲಿನ ನಾಡು ಅಂತಲೇ ಹೇಳಿಕೊಳ್ಳುತ್ತಾರೆ, ಮಳೆ ಕಡಿಮೆ.

ಕೊಡುವುದು ಅಲ್ಲಿ ಹೆಂಗಸರು ಸಂತೆಗೆ ಹೋಗಲು ಬಳಸುವ ಸೈಕಲ್. ಮಾಮಾಚಾರಿ ಅಂತಾರೆ. ಮುಂದೆ ಬುಟ್ಟಿ, ಅಗಲ ಸೀಟು. ಹಿಂದಿನ ಚಕ್ರಕ್ಕೆ ನಮ್ಮ ಹಳೇ ಸೈಕಲ್‌ಗಳಲ್ಲಿ ಇರುತ್ತಿದ್ದಂಥ ಬಳೆ ಬೀಗ.

"ರೀ, ಇದರಲ್ಲಿ ಗೇರ್ ಇಲ್ವಾ?" ಅಂದಳು ಇವಳು.

"ನಿಮ್ಮಪ್ಪನ ಅಟ್ಲಾಸ್‌ಗೆ ಇತ್ತಾ?" ಅಂದೆ. ಆಮೇಲೆ ಅರ್ಧ ಕಿಲೋಮೀಟರ್ ಮಾತಿಲ್ಲ.

ಹತ್ತುವ ಮುಂಚೆ ಸೀಟಿನ ಎತ್ತರ ಸರಿ ಮಾಡಿಸಿಕೊಳ್ಳಿ, ಎರಡೂ ಬ್ರೇಕ್ ಒತ್ತಿ ನೋಡಿ. ಜಪಾನಿನಲ್ಲೂ ನಮ್ಮ ಹಾಗೆ ಎಡಗಡೆ ಹೋಗುವುದು, ಹಾಗಾಗಿ ಅರ್ಧ ಭಯ ಅಲ್ಲೇ ಕಡಿಮೆ. ಹೆಲ್ಮೆಟ್ ಹಾಕಿಕೊಳ್ಳಬೇಕು ಅಂತ 2023ರ ಏಪ್ರಿಲ್‌ನಿಂದ ಕಾನೂನು ಹೇಳುತ್ತದೆ, ಹಾಕದಿದ್ದರೆ ದಂಡ ಇಲ್ಲ. ಫೋನ್ ವಿಷಯ ಮಾತ್ರ ತಮಾಷೆ ಅಲ್ಲ. ಸೈಕಲ್ ಓಡಿಸುತ್ತಾ ಫೋನ್ ಹಿಡಿದರೆ 2024ರ ನವೆಂಬರ್‌ನಿಂದ ಜೈಲು ಅಥವಾ ಒಂದು ಲಕ್ಷ ಯೆನ್‌ವರೆಗೆ ದಂಡ ಇದೆ. ಮ್ಯಾಪ್ ನೋಡಬೇಕಾದರೆ ನಿಲ್ಲಿಸಿ ನೋಡಿ. ಒಂದು ಕೈಯಲ್ಲಿ ಛತ್ರಿ ಹಿಡಿದು ಓಡಿಸುವುದೂ ಸಲ್ಲದು.

ಸ್ಟೇಷನ್ನಿನಿಂದ ಐದು ನಿಮಿಷಕ್ಕೆ ಕಿಬಿತ್ಸುಹಿಕೊ ದೇವಸ್ಥಾನ. ಚೆನ್ನಾಗಿದೆ, ನೋಡಿ, ಆದರೆ ಸಮಯವೆಲ್ಲ ಇಲ್ಲೇ ಕಳೆಯಬೇಡಿ. ಗುಡ್ಡ ಬಳಸಿ ಸ್ವಲ್ಪ ಮುಂದೆ ಹೋದರೆ ಕಿಬಿತ್ಸು ದೇವಸ್ಥಾನ ಇದೆ, ಅದೇ ಈ ದಿನದ ದೊಡ್ಡ ನಿಲ್ದಾಣ. ಎರಡೂ ಕಡೆ ದೇವರು ಒಬ್ಬನೇ, ಕಿಬಿತ್ಸುಹಿಕೊ ಎಂಬ ರಾಜಕುಮಾರ. ಉರಾ ಎಂಬ ರಕ್ಕಸನನ್ನು ಕೊಂದವನು. ಪೀಚ್ ಹಣ್ಣಿನೊಳಗಿಂದ ಹುಟ್ಟಿ, ನಾಯಿ, ಕೋತಿ, ಹಕ್ಕಿ ಕಟ್ಟಿಕೊಂಡು ರಕ್ಕಸರ ಮೇಲೆ ಹೋದ ಮೊಮೊತಾರೊ ಕತೆ ಜಪಾನಿನ ಎಲ್ಲ ಮಕ್ಕಳಿಗೂ ಗೊತ್ತು. ಅದರ ಬೇರು ಈ ರಾಜಕುಮಾರನ ಕತೆಯಲ್ಲಿದೆ ಅನ್ನುತ್ತಾರೆ ಇಲ್ಲಿಯವರು. ರೈಲಿಗೆ ಆ ಹೆಸರು ಬಂದದ್ದೂ ಅದಕ್ಕೇ.

ಈಗಿರುವ ಗುಡಿ 1425ರಲ್ಲಿ ಕಟ್ಟಿದ್ದು, ಪೂರಾ ಮರದ್ದು, ಜಪಾನ್ ಸರ್ಕಾರ ಇದನ್ನು ರಾಷ್ಟ್ರೀಯ ಸಂಪತ್ತು ಅಂತ ಘೋಷಿಸಿದೆ. ಎರಡು ಚಾವಣಿ ಒಂದರ ಪಕ್ಕ ಒಂದು ಕೂತು ಹಿಂದೆ ಸೇರಿಕೊಂಡಿರುತ್ತವೆ, ಹೊರಗೆ ಬಂದು ಪಕ್ಕದಿಂದ ನೋಡಿದರೇ ಅದರ ಚೆಂದ ಗೊತ್ತಾಗುವುದು. ಆದರೆ ನನ್ನ ಮನಸ್ಸು ಹಿಡಿದದ್ದು ಗುಡಿಯಲ್ಲ, ಅದರ ಪಕ್ಕದಿಂದ ಇಳಿಯುವ ಮೊಗಸಾಲೆ. 360 ಮೀಟರ್‌ಗೆ ಕಡಿಮೆ ಇಲ್ಲ. ನೆಲವನ್ನು ಕಡಿದು ಮಟ್ಟ ಮಾಡಿಲ್ಲ. ಭೂಮಿ ಎಲ್ಲಿ ಇಳಿಯುತ್ತದೋ ಚಾವಣಿಯೂ ಅಲ್ಲಿ ಇಳಿಯುತ್ತದೆ, ಎಲ್ಲಿ ಏರುತ್ತದೋ ಅಲ್ಲಿ ಏರುತ್ತದೆ. ಕೆಳತುದಿಯಲ್ಲಿ ನಿಂತು ಹಿಂತಿರುಗಿ ನೋಡಿದರೆ ಕಂಬಗಳ ಸಾಲು ಉಬ್ಬಿ ತಗ್ಗಿ ಮೇಲೆ ಹೋಗುತ್ತಿರುತ್ತದೆ. ನಾವು ಮೂರು ಸಲ ಹತ್ತಿ ಇಳಿದೆವು.

ಮೊಗಸಾಲೆಯಿಂದ ಒಂದು ಕವಲು ಅಡುಗೆಮನೆಯಂಥ ಒಂದು ಕಟ್ಟಡಕ್ಕೆ ಹೋಗುತ್ತದೆ. ಒಳಗೆ ಒಲೆ, ಒಲೆಯ ಮೇಲೆ ಕಬ್ಬಿಣದ ಹಂಡೆ. ಉರಾನ ತಲೆಯನ್ನು ಇದರ ಕೆಳಗೆ ಹೂತಿದ್ದಾರೆ ಅಂತ ನಂಬಿಕೆ. ಹಂಡೆಯ ಮೇಲಿನ ಹಬೆಯಲ್ಲಿ ಅಕ್ಕಿ ಆಡಿಸಿದಾಗ ಸದ್ದು ಬರುತ್ತದೆ, ಆ ಸದ್ದು ಕೇಳಿ ಹರಸಿಕೊಂಡವರೇ ಒಳ್ಳೆಯದೋ ಕೆಟ್ಟದ್ದೋ ಅಂತ ತಿಳಿದುಕೊಳ್ಳಬೇಕು. ಪೂಜಾರಿ ಏನೂ ಹೇಳುವುದಿಲ್ಲ. ಇದನ್ನು ಮಾಡಿಸುವ ಆಸೆ ಇದ್ದರೆ ಶುಕ್ರವಾರ ಹೋಗಬೇಡಿ, ಅವತ್ತು ರಜೆ. ನಾವು ಶುಕ್ರವಾರ ದೇವರ ದಿನ ಅಂತ ಹುಡುಕಿಕೊಂಡು ಅವತ್ತೇ ಹೋಗಿದ್ದೆವು!

ಹೊರಗೆ ಬಂದರೆ ನನ್ನ ಸೈಕಲ್ ಕೀ ಇಲ್ಲ. ಈ ಬಳೆ ಬೀಗ ಹಾಕಿದಾಗ ಕೀ ಕೈಗೆ ಬರುತ್ತದೆ, ಬೀಗ ತೆಗೆದಾಗ ಅದರಲ್ಲೇ ಉಳಿಯುತ್ತದೆ. ಬೆರಳಿನ ಅರ್ಧದಷ್ಟಿರುತ್ತದೆ. ಎಲ್ಲ ಜೇಬು ತಡಕಿದ್ದಾಯಿತು, ಮೊಗಸಾಲೆ ನಾಲ್ಕನೇ ಸಲ ನಡೆದದ್ದಾಯಿತು. ಕೊನೆಗೆ ಸಿಕ್ಕಿದ್ದು ಟೀ ಕೊಂಡ ಮಾರಾಟ ಯಂತ್ರದ ಕೆಳಗೆ, ಚಿಲ್ಲರೆ ತೆಗೆಯುವಾಗ ಜಾರಿಬಿದ್ದಿತ್ತು. ಅಲ್ಲಿಂದಾಚೆ ಎರಡೂ ಕೀಗಳು ಇವಳ ರಬ್ಬರ್ ಬ್ಯಾಂಡಿನಲ್ಲಿ, ಮಣಿಕಟ್ಟಿನಲ್ಲಿ. ನೀವೂ ಹಾಗೇ ಮಾಡಿ.

ಅಂದಹಾಗೆ ಆ ಯಂತ್ರಗಳಲ್ಲಿ ಬಾಟಲಿಯ ಕೆಳಗೆ ನೀಲಿ ಪಟ್ಟಿ ಇದ್ದರೆ ತಣ್ಣಗಿನದು, ಕೆಂಪು ಇದ್ದರೆ ಬಿಸಿ. ದಾರಿಯುದ್ದಕ್ಕೂ ಸಿಗುತ್ತವೆ, ನೀರಿಗೆ ತೊಂದರೆ ಇಲ್ಲ. ಊಟದ್ದೇ ತೊಂದರೆ, ಅದರಲ್ಲೂ ಸಸ್ಯಾಹಾರಿಗಳಿಗೆ. ಗದ್ದೆ ನಡುವೆ ಹೋಟೆಲ್ ಇಲ್ಲ. ಊರಲ್ಲಿ ಸಿಗುವ ಉದೋನ್ ಶಾವಿಗೆಯ ಸಾರಿಗೂ ಸಾಮಾನ್ಯವಾಗಿ ಮೀನಿನ ಪುಡಿ ಬಿದ್ದಿರುತ್ತದೆ. ಹಿಂದಿನ ದಿನವೇ ಒಕಾಯಾಮಾದಲ್ಲಿ ಬ್ರೆಡ್ಡು, ಬಾಳೆಹಣ್ಣು, ಉಮೆ ಇರುವ ಅನ್ನದ ಉಂಡೆ ತಗೊಳ್ಳಿ. ಉಮೆ ಅಂದರೆ ಉಪ್ಪಿನಲ್ಲಿ ಹಾಕಿದ ಹುಳಿ ಕಾಯಿ, ನಮ್ಮ ಮಿಡಿ ಉಪ್ಪಿನಕಾಯಿಯ ದೂರದ ನೆಂಟ. ನಾವು ಮನೆಯಿಂದ ತಂದ ಚಟ್ನಿಪುಡಿಯನ್ನು ಅನ್ನದ ಉಂಡೆಗೆ ಹಚ್ಚಿ ತಿಂದೆವು. ಕಸದ ಬುಟ್ಟಿ ಎಲ್ಲೂ ಇಲ್ಲ, ಒಂದು ಖಾಲಿ ಕವರ್ ಜೊತೆಗಿರಲಿ.

ಕಿಬಿತ್ಸು ದಾಟಿದ ಮೇಲೆ ನಿಜವಾದ ಬಯಲು. ಅಕ್ಟೋಬರ್ ನಡುಭಾಗ, ಭತ್ತ ಹಣ್ಣಾಗಿ ನಿಂತಿತ್ತು. ಕೆಲವು ಕಡೆ ಆಟಿಕೆಯಷ್ಟು ಸಣ್ಣ ಕಟಾವು ಯಂತ್ರ ಓಡಾಡುತ್ತಿತ್ತು. ಓಡಿಸುತ್ತಿದ್ದವರೆಲ್ಲ ನನಗಿಂತ ದೊಡ್ಡವರು. ನಾನು ನಿಲ್ಲಿಸಿ ಒಂದು ತೆನೆ ಮುಟ್ಟಿ ನೋಡಿದೆ. ಗಿಡ ಮಂಡಿಗಿಂತ ಸ್ವಲ್ಪ ಮೇಲೆ, ಕಾಳು ಗುಂಡಗೆ, ಬುಡದಲ್ಲಿ ಒಂದು ಕಳೆ ಇಲ್ಲ. ಅಪ್ಪ ನೋಡಿದ್ದರೆ ಕಳೆ ಇಲ್ಲದ್ದನ್ನು ನಂಬುತ್ತಿರಲಿಲ್ಲ.

ಇಲ್ಲೊಂದು ಎಚ್ಚರಿಕೆ. ರಸ್ತೆಗೆ ಅಂಟಿಕೊಂಡೇ ನೀರಿನ ನಾಲೆಗಳು ಹರಿಯುತ್ತವೆ. ಎಷ್ಟೋ ಕಡೆ ಅಂಚಿಗೆ ಬೇಲಿ ಇಲ್ಲ. ಕತ್ತಲಲ್ಲಿ ನಾಲೆಗೆ ಬಿದ್ದು ಸಾಯುವುದು ಒಕಾಯಾಮಾದ ದೊಡ್ಡ ತಲೆನೋವು, ಅದಕ್ಕೆಂದೇ ಸರ್ಕಾರ ಈಗ ಬೇಲಿ ಹಾಕಿಸುತ್ತಿದೆ. ನಾಲೆ ಬಯಲಿನಲ್ಲಿ ಬೆಳೆದ ನನಗೇ ಒಮ್ಮೆ ಮುಂಚಕ್ರ ಅಂಚಿಗೆ ಹೋಗಿ ಎದೆ ಧಸಕ್ ಅಂತು. ಎದುರಿಗೆ ಕಾರು ಬಂದರೆ ಅಂಚಿಗೆ ಸರಿಯಬೇಡಿ, ಸುಮ್ನೆ ಇಳಿದು ನಿಂತುಬಿಡಿ. ಅಕ್ಟೋಬರ್‌ನಲ್ಲಿ ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ಅಷ್ಟರೊಳಗೆ ಸೊಜಾ ಸೇರಿರಬೇಕು.

ದಾರಿಯಲ್ಲಿ ಕೊಯಿಕುಯಿ ಅಂತ ಪುಟ್ಟ ಗುಡಿ. ಗಾಯಗೊಂಡ ಉರಾ ಮೀನಾಗಿ ನದಿಗೆ ಹಾರಿದ, ರಾಜಕುಮಾರ ನೀರುಕಾಗೆಯಾಗಿ ಕಚ್ಚಿ ಹಿಡಿದ, ಆ ಜಾಗ ಇದು. ಎರಡು ನಿಮಿಷ ಸಾಕು.

ಮುಂದಿನದು ತ್ಸುಕುರಿಯಾಮಾ. ದೂರದಿಂದ ಮರ ಬೆಳೆದ ದಿಬ್ಬ ಅನ್ನಿಸುತ್ತದೆ. ಅದು ಮನುಷ್ಯರು ಕಟ್ಟಿದ ಸಮಾಧಿ, ಐದನೇ ಶತಮಾನದ್ದು, ಸುಮಾರು 350 ಮೀಟರ್ ಉದ್ದ, ಬೀಗದ ಕೀಲಿ ಹಾಕುವ ತೂತಿನ ಆಕಾರ. ಜಪಾನಿನಲ್ಲಿ ಗಾತ್ರದಲ್ಲಿ ನಾಲ್ಕನೆಯದು. ಇದಕ್ಕಿಂತ ದೊಡ್ಡ ಮೂರು ರಾಜಮನೆತನದ ಇಲಾಖೆಯ ಕೈಯಲ್ಲಿವೆ, ಒಳಗೆ ಬಿಡುವುದಿಲ್ಲ. ಇದರ ಮೇಲೆ ಮಾತ್ರ ಯಾರು ಬೇಕಾದರೂ ಹತ್ತಬಹುದು, ಟಿಕೆಟ್ಟೂ ಇಲ್ಲ. ಮೇಲೊಂದು ಗುಡಿ, ಗುಡಿಯ ಮುಂದೆ ಖಾಲಿ ಕಲ್ಲಿನ ಶವಪೆಟ್ಟಿಗೆ. ಆ ಕಲ್ಲು ಕ್ಯೂಷು ದ್ವೀಪದ ಆಸೋ ಕಡೆಯದಂತೆ. ಅಷ್ಟು ದೂರದಿಂದ ಹೊತ್ತು ತಂದಿದ್ದಾರೆ ಅಂದರೆ ಒಳಗೆ ಮಲಗಿದವನು ಸಾಮಾನ್ಯನಲ್ಲ. ನಾವು ಬುತ್ತಿ ಬಿಚ್ಚಿದ್ದು ಈ ದಿಬ್ಬದ ಬುಡದಲ್ಲಿ. ಮಂಡಿ ನೋವಿದ್ದವರು ಮೆಟ್ಟಿಲು ನಿಧಾನಕ್ಕೆ ಹತ್ತಿ, ಮೇಲಿನ ಗಾಳಿಗೆ ಹತ್ತಿದ್ದು ಸಾರ್ಥಕ.

ಇಲ್ಲಿಂದ ನಾವು ದಾರಿ ತಪ್ಪಿದೆವು. ಬಾಣದ ಗುರುತಿನ ಬೋರ್ಡುಗಳು ನೆಟ್ಟಗೆ ಕರೆದುಕೊಂಡು ಹೋಗುತ್ತಿದ್ದವು, ನಾನು ಬುದ್ಧಿವಂತಿಕೆಯಿಂದ ಫೋನಿನ ಹತ್ತಿರದ ದಾರಿ ನಂಬಿದೆ. ಅದು ಒಬ್ಬರ ಮನೆ ಹಿತ್ತಲಲ್ಲಿ ಮುಗಿಯಿತು. ಅಜ್ಜಿಯೊಬ್ಬರು ಪರ್ಸಿಮನ್ ಹಣ್ಣು ಕೀಳುತ್ತಿದ್ದರು. ನಾವು ತಲೆ ಬಾಗಿ ತಲೆ ಬಾಗಿ ಕ್ಷಮೆ ಕೇಳಿದೆವು. ಅವರು ಕೈಯಲ್ಲೇ ದಾರಿ ತೋರಿಸಿ ಎರಡು ಹಣ್ಣು ಬುಟ್ಟಿಗೆ ಹಾಕಿದರು. ಬೋರ್ಡನ್ನೇ ನಂಬಿ. ಹಣ್ಣು ಸಿಗದೆ ಹೋಗಬಹುದು, ಅಷ್ಟೇ.

ಬಿತ್ಚು ಕೊಕುಬುನ್‌ಜಿ ಎಂಬ ಬೌದ್ಧ ದೇವಾಲಯದ ಐದಂತಸ್ತಿನ ಗೋಪುರ ದೂರದಿಂದಲೇ ಗದ್ದೆಗಳ ಮೇಲೆ ಎದ್ದು ಕಾಣುತ್ತದೆ, 34 ಮೀಟರ್ ಎತ್ತರ. 741ರಲ್ಲಿ ಶೋಮು ಚಕ್ರವರ್ತಿ ಪ್ರತಿ ನಾಡಿಗೂ ಒಂದು ದೇವಾಲಯ ಕಟ್ಟಿ ಅಂತ ಅಪ್ಪಣೆ ಮಾಡಿದಾಗ ಶುರುವಾದದ್ದು, ಈಗಿರುವ ಗೋಪುರ 19ನೇ ಶತಮಾನದ್ದು. ಹತ್ತಿರ ಹೋಗುವುದಕ್ಕಿಂತ ಇನ್ನೂರು ಮೀಟರ್ ದೂರದ ಗದ್ದೆ ದಾರಿಯಲ್ಲಿ ನಿಂತು ನೋಡುವುದೇ ಚೆಂದ. ನಾವು ಹೋದಾಗ ಎದುರಿಗೆ ಕಾಸ್ಮಾಸ್ ಹೂ. ಏಪ್ರಿಲ್ ಕೊನೆಯಲ್ಲಿ ಹೋದರೆ ಗದ್ದೆ ತುಂಬ ಗುಲಾಬಿ ಬಣ್ಣದ ರೆಂಗೆ ಹೂ ಇರುತ್ತದೆ. ನಾವು ನಾಟಿಗೆ ಮುಂಚೆ ಸೆಣಬು ಬಿತ್ತಿ ಉಳುತ್ತೇವಲ್ಲ, ಅದೂ ಅಂಥದ್ದೇ ಹಸಿರು ಗೊಬ್ಬರ. ಜುಲೈ, ಆಗಸ್ಟ್‌ನಲ್ಲಿ ಮಾತ್ರ ಬೇಡ. ಮಂಗಳೂರಿನ ಸೆಕೆ, ನೆರಳಿಲ್ಲದ ರಸ್ತೆ.

ಇಲ್ಲಿಂದ ಸೊಜಾವರೆಗಿನ ಕೊನೆಯ ದಾರಿ ಸಪ್ಪೆ. ಅಂಗಡಿ, ಸಿಗ್ನಲ್, ಕಾರು. ತುಳಿದು ಮುಗಿಸಿ. ಸ್ಟೇಷನ್ ಹತ್ತಿರವೇ ಸೈಕಲ್ ಒಪ್ಪಿಸುವ ಜಾಗ, ಎಷ್ಟು ಗಂಟೆಗೆ ಮುಚ್ಚುತ್ತಾರೆ ಅಂತ ಬೆಳಗ್ಗೆಯೇ ಕೇಳಿಟ್ಟುಕೊಂಡಿರಿ. ಇವಳು ಮಣಿಕಟ್ಟಿನಿಂದ ಕೀ ಬಿಚ್ಚಿ ಕೊಟ್ಟಳು. ಒಕಾಯಾಮಾದಲ್ಲಿ ಕೊಂಡಿದ್ದ ಕಿಬಿ ದಾಂಗೊ ಡಬ್ಬಿ ಆಗ ಹೊರಬಂತು. ಮೊಮೊತಾರೊ ತನ್ನ ನಾಯಿ ಕೋತಿಗಳಿಗೆ ಕೊಟ್ಟ ಉಂಡೆ ಇದು. ಕಿಬಿ ಅನ್ನುವ ಉಚ್ಚಾರದಲ್ಲೇ ನಮ್ಮ ಬರಗು ಧಾನ್ಯಕ್ಕೂ ಅಲ್ಲಿ ಹೆಸರು. ಈಗಿನದರಲ್ಲಿ ಜಾಸ್ತಿ ಇರುವುದು ಅಂಟು ಅಕ್ಕಿ, ಸಕ್ಕರೆ. ಮೆತ್ತಗೆ, ಹಲ್ಲಿಗೆ ಅಂಟುತ್ತದೆ, ಆ ಹೊತ್ತಿಗೆ ಅಮೃತ.

ಸೊಜಾದಿಂದ ಒಕಾಯಾಮಾಗೆ ಎರಡು ದಾರಿ. ಬೆಳಗ್ಗೆ ಬಂದ ಅದೇ ಮೊಮೊತಾರೊ ಲೈನ್ ಸುಮಾರು ನಲವತ್ತು ನಿಮಿಷ. ಇನ್ನೊಂದು ಕುರಾಶಿಕಿ ಮೇಲೆ ಹೋಗುವ ಹಾಕುಬಿ ಲೈನ್. ನಾವು ಇದು ಗೊತ್ತಿಲ್ಲದೆ ಮೇಲ್ಸೇತುವೆ ಹತ್ತಿ ಇಳಿದು, ಬುಟ್ಟಿಯಲ್ಲಿದ್ದ ಹಣ್ಣು ಕೈಯಲ್ಲಿ ಹಿಡಿದು ಓಡಿದೆವು. ಓಡುವುದೇನೂ ಬೇಕಿರಲಿಲ್ಲ. ಯಾವುದು ಮೊದಲು ಬರುತ್ತದೋ ಅದನ್ನೇ ಹತ್ತಿ.